ಕೊಯ್ದ ಕೈಗೆ ಹುಟ್ಟದ ಬೀಜ

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲ ವರ್ಷ ಒಂದು ತಪ್ಪು ಮಾಡಿಯೇ ಮಾಡುತ್ತಾರೆ. ಅಂಗಳದ ಕೊತ್ತಂಬರಿ ಗಿಡ ಒಣಗಿದ ಮೇಲೆ ತಾವೇ ಬೀಜ ಉದುರಿಸಿ, ಬಟ್ಟೆಯಲ್ಲಿ ಕಟ್ಟಿ, ಜಾಣರ ಹಾಗೆ ಗೂಟಕ್ಕೆ ನೇತುಹಾಕಿ, ಮಳೆ ಬಿದ್ದ ಮೇಲೆ ತಾವೇ ಬಿತ್ತುತ್ತಾರೆ. ಆಮೇಲೆ ದಿನಾ ಬೆಳಿಗ್ಗೆ ಎದ್ದು ಬಗ್ಗಿ ಬಗ್ಗಿ ಮಣ್ಣು ನೋಡುತ್ತಾರೆ. ನಾವು ಗೋಡೆಯ ಈಚೆ ನಿಂತು ನಗುತ್ತೇವೆ, ಹೇಳುವುದಿಲ್ಲ. ಹೇಳಿದರೆ ಯಾರು ನಂಬುತ್ತಾರೆ? ಪಾತಿಯಲ್ಲಿ ಬರೀ ಕಳೆ ಎದ್ದು, ಮನೆಯಲ್ಲಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಮುಗಿದ ಮೇಲೆ, ಒಂದು ಬಟ್ಟಲು ಹಿಡಿದುಕೊಂಡು ಪಕ್ಕದ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆವತ್ತಿನಿಂದ ಅವರು ನಮ್ಮ ಊರಿನವರು.

ನಮ್ಮಲ್ಲಿ ಕೊಯ್ದ ಕೈಗೆ ಬೀಜ ಹುಟ್ಟುವುದಿಲ್ಲ. ಕೊಯ್ದು, ಒಣಗಿಸಿ, ಇನ್ನೊಬ್ಬರ ಅಂಗೈಗೆ ಹಾಕಿ ‘ಕೊಟ್ಟೆ’ ಅನ್ನಬೇಕು, ಅವರು ‘ತಗೊಂಡೆ’ ಅನ್ನಬೇಕು, ಆಗ ಅವರ ಅಂಗಳದಲ್ಲಿ ಹುಟ್ಟುತ್ತದೆ. ಕದ್ದದ್ದು ಹುಟ್ಟುವುದಿಲ್ಲ, ತಾನಾಗಿ ಸಿಡಿದು ಬಿದ್ದದ್ದೂ ಹುಟ್ಟುವುದಿಲ್ಲ. ಗಂಡ ಕೊಯ್ದು ಹೆಂಡತಿಗೆ ಕೊಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ದಿನಾ ಒಂದೇ ಕೈಯ ಅಡುಗೆ ಉಣ್ಣುವವರದ್ದೆಲ್ಲ ಒಂದೇ ಕೈ. ಹಬ್ಬಕ್ಕೋ ಮದುವೆಗೋ ಕರೆದು ಬಡಿಸಿದ ಊಟ ಲೆಕ್ಕಕ್ಕಿಲ್ಲ; ದಿನಾ ಉಂಡರೆ ಮಾತ್ರ ಕೈ ಒಂದಾಗುತ್ತದೆ, ಎಷ್ಟನೆಯ ದಿನಕ್ಕೆ ಆಗುತ್ತದೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಒಂದಾದ ಕೈ ಮತ್ತೆ ಬೇರೆಯಾಗಲು ವರ್ಷಗಳೇ ಬೇಕು. ಅದಕ್ಕೇ ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೆ ತಾಯಂದಿರು ಅಷ್ಟಾಗಿ ಅಳುವುದಿಲ್ಲ. ಮುಂದೆ ಬೀಜಕ್ಕಾದರೂ ಆಗುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ.

ಈ ನಿಯಮದಿಂದ ಹೆಚ್ಚು ಪೆಟ್ಟು ತಿಂದವನು ಬಸ್‌ಸ್ಟ್ಯಾಂಡಿನ ಹೋಟೆಲಿನ ಪರಮೇಶಿ. ಅರ್ಧ ಊರು ದಿನಾ ಅವನ ಕೈ ದೋಸೆ ತಿನ್ನುವುದರಿಂದ ಅರ್ಧ ಊರಿನ ಬೀಜ ಅವನಿಗೆ ಹುಟ್ಟುವುದಿಲ್ಲ, ಉಳಿದರ್ಧ ಊರಿನವರಿಗೆ ಅವನ ಪರಿಚಯವೇ ಇಲ್ಲ. ಪಾಪ, ಕಡ್ಡಿ ನೆಟ್ಟರೆ ಬರುವ ದಾಸವಾಳ, ಗುಲಾಬಿಗಳಿಗೆ ಈ ತಕರಾರು ಇಲ್ಲವಾದ್ದರಿಂದ ಅವನ ಹಿತ್ತಲ ತುಂಬ ಅವೇ. ಅಂಗಡಿಯ ಬೀಜದ ಪೊಟ್ಟಣ ನಮ್ಮೂರಿಗೂ ಬಂದಿತ್ತು. ಹುಟ್ಟಿತು, ಹುಟ್ಟಲಿಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಬೆಳೆದ ಮೇಲೆ ಯಾರಿಗೆ ತಿರುಗಿ ಕೊಡುವುದು, ಯಾರ ಮನೆ ಮುಂದೆ ನಿಂತು ‘ನಿಮ್ಮ ಸಬ್ಬಸಿಗೆ ಚೆನ್ನಾಗಿ ಬಂತು ಕಣ್ರೀ’ ಅನ್ನುವುದು ಎಂದು ತಿಳಿಯದೆ ಜನ ಬೇಸತ್ತು ಬಿಟ್ಟರು.

ನಾನು ಹೇಳಬೇಕೆಂದಿರುವುದು ಚುಕ್ಕಿ ಹೂವಿನ ವಿಷಯ. ಕರ್ಣಕುಂಡಲ ಎಲ್ಲರ ಮನೆಯಲ್ಲೂ ಇದೆ, ಕೆಂಪು, ಬಿಳಿ, ತಿಳಿ ನೇರಳೆ. ಬಿಳಿಯ ದಳದ ಮೇಲೆ ಕುಂಕುಮ ಚಿಮುಕಿಸಿದ ಹಾಗೆ ಚುಕ್ಕಿ ಇರುವ ಕರ್ಣಕುಂಡಲ ಮಾತ್ರ ಊರಿನಲ್ಲಿ ಎರಡೇ ಮನೆಯಲ್ಲಿತ್ತು. ಒಂದು ನಮ್ಮದು, ಇನ್ನೊಂದು ಗೋಡೆಯಾಚೆಯ ಹೊಂಬಾಳಕ್ಕನದು. ಅದು ಮೊದಲು ಹುಟ್ಟಿದ್ದು ನಮ್ಮತ್ತೆ ಪುಟ್ಟಮ್ಮಣ್ಣಿಯವರ ಪಾತಿಯಲ್ಲಿ, ಯಾರೋ ಕೊಟ್ಟ ಕೆಂಪು ಹೂವಿನ ಬೀಜದಲ್ಲಿ ತಾನಾಗಿ ಬಣ್ಣ ಬದಲಿಸಿಕೊಂಡ ಒಂದೇ ಒಂದು ಗಿಡ. ಆ ವರ್ಷವೇ ಹೊಂಬಾಳಕ್ಕ ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ್ದಳು. ಗಂಡ ಬಿಟ್ಟವಳೋ, ಗಂಡನನ್ನು ಬಿಟ್ಟು ಬಂದವಳೋ, ಅವಳು ಹೇಳಲಿಲ್ಲ, ನಮಗೆ ಕೇಳುವ ಧೈರ್ಯವಿರಲಿಲ್ಲ. ಒಂಟಿ ಹೆಂಗಸು, ಬಾಯಿ ಖಾರ. ಅವಳ ಪಾತಿ ಬರಿದಾಗಿದ್ದರೂ ಯಾರೂ ಬೀಜ ಕೊಡಲು ಹೋಗಿರಲಿಲ್ಲ. ನಮ್ಮತ್ತೆ ಆ ಒಂದು ಗಿಡದ ಬೀಜವನ್ನಷ್ಟೂ ಒಯ್ದು ಅವಳ ಅಂಗೈಗೆ ಹಾಕಿ, “ಇದು ನಮ್ಮಿಬ್ಬರದ್ದೇ, ಹೊಂಬಾಳಿ. ಮೂರನೆಯವರಿಗೆ ಬೇಡ” ಅಂದರಂತೆ. ಮುಂದಿನ ವರ್ಷ ಅವಳು ತಿರುಗಿ ಕೊಟ್ಟಳು. ಅದರ ಮುಂದಿನ ವರ್ಷ ಇವರು; ಆಮೇಲೆ ಎರಡೂ ಅಂಗಳದಲ್ಲಿ ಹೂವಾಗಿ, ಪ್ರತಿ ವರ್ಷ ಬದಲಾಯಿಸಿಕೊಳ್ಳತೊಡಗಿದರು. ಹೀಗೆ ಆ ಹೂವು ಗೋಡೆಯ ಆಚೆ ಈಚೆ ಓಡಾಡಿಕೊಂಡೇ ಉಳಿಯಿತು. ನಮ್ಮತ್ತೆ ಹೋದ ಮೇಲೆ ಅವರ ಕೈ ನನ್ನದಾಯಿತು.

ಹೊಂಬಾಳಕ್ಕ ಆ ಮಾತನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಹಿಂದಿನ ಬೀದಿಯ ದುಗ್ಗಮ್ಮ ಒಂದು ಸಲ ಬಾಯಿಬಿಟ್ಟು ಚುಕ್ಕಿ ಹೂವಿನ ಬೀಜ ಕೇಳಿದಾಗ ಅವಳ ಮರ್ಯಾದೆ ತೆಗೆದು ಕಳಿಸಿದ್ದಳು. ದುಗ್ಗಮ್ಮ ಕೋಳಿ ಸಾಕುವವಳು. ಅವಳ ಕೋಳಿಗಳು ಗೋಡೆ ಹಾರಿ ಬಂದು ಗಿರಣಿಯ ನುಚ್ಚು ತಿಂದು, ಸಾಲದ್ದಕ್ಕೆ ಚುಕ್ಕಿ ಹೂವಿನ ಸಸಿಗಳನ್ನೂ ಕೆದರಿ ಹಾಕಿದ್ದವು. ಅದೇ ವಾರ ಆ ಹುಚ್ಚಿ ಬೀಜ ಕೇಳಲು ಹೋಗಿದ್ದಾಳೆ! “ನಿನ್ನ ಕೋಳಿ ತಿಂದಿದ್ದೇ ನಿನ್ನ ಪಾಲು, ಹೋಗು” ಅಂದಳಂತೆ ಹೊಂಬಾಳಕ್ಕ, ರಾಗಿ ಬೀಸಿಸಲು ಬಂದಿದ್ದ ಹೆಂಗಸರೆಲ್ಲರ ಎದುರಿಗೆ. ಅಂದಿನಿಂದ ದುಗ್ಗಮ್ಮ ತನ್ನ ರಾಗಿಯನ್ನು ತಲೆಯ ಮೇಲೆ ಹೊತ್ತು ಊರಾಚೆಯ ಗಿರಣಿಗೆ ಹೋಗುತ್ತಿದ್ದಳು.

ಹೋದ ವರ್ಷ ಗೌರಿಹಬ್ಬ ಕಳೆದ ಮೇಲೆ ಹೊಂಬಾಳಕ್ಕ ಬಿದ್ದಳು. ಸ್ಟೂಲಿನ ಮೇಲೆ ನಿಂತು ಗಿರಣಿಯ ಬಾಯಿಗೆ ರಾಗಿ ಸುರಿಯುತ್ತಿದ್ದಾಗ ಸ್ಟೂಲು ವಾಲಿ, ಬಲಗೈ ಭುಜದ ಹತ್ತಿರ ಒಂದು ಕಡೆ, ಮಣಿಕಟ್ಟಿನ ಹತ್ತಿರ ಒಂದು ಕಡೆ ಮುರಿಯಿತು. ಆಸ್ಪತ್ರೆಯವರು ಕೈಯನ್ನು ಎದೆಗೆ ಕಟ್ಟಿ ಪ್ಲಾಸ್ಟರ್ ಹಾಕಿ, ಸಂಕ್ರಾಂತಿಯವರೆಗೆ ಒಲೆಯ ಹತ್ತಿರ ಸುಳಿಯಬಾರದೆಂದು ಹೇಳಿ ಕಳಿಸಿದರು. ಗಿರಣಿಗೆ ಬೀಗ ಬಿತ್ತು.

ಬೀದಿಯವರೇನು ಕೈಕಟ್ಟಿ ಕೂರಲಿಲ್ಲ. ಸರದಿಯ ಮೇಲೆ ದಿನಕ್ಕೊಂದು ಮನೆಯಿಂದ ಊಟ ಬಂತು. ಸರದಿಯ ಊಟಕ್ಕೆ ಕೈ ಒಂದಾಗುವ ಭಯವಿಲ್ಲ, ಪುಣ್ಯವೂ ಬರುತ್ತದೆ. ಆದರೆ ಹೊಂಬಾಳಕ್ಕ ಕೈ ಮುರಿದುಕೊಂಡಿದ್ದಳೇ ಹೊರತು ಬಾಯಿ ಅಲ್ಲ. ಒಬ್ಬರ ಮುದ್ದೆ ಗಂಟು, ಇನ್ನೊಬ್ಬರ ಸಾರು ನೀರು, ಮೇಷ್ಟ್ರ ಹೆಂಡತಿಯ ಪಲ್ಯವನ್ನು ಎಮ್ಮೆ ಮೂಸಿ ಬಿಟ್ಟಿದ್ದರೂ ಆಶ್ಚರ್ಯವಿಲ್ಲ ಎಂದು ಪಾತ್ರೆ ವಾಪಸು ಕೊಡುವಾಗಲೇ ಹೇಳಿದಳು. ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿಗೆ ಯಾರೂ ಬರಲಿಲ್ಲ. ಯಾರೋ ಒಬ್ಬರೇ ದಿನಾ ಊಟ ಹಾಕುವುದೆಂದರೆ ನಮ್ಮೂರಿನಲ್ಲಿ ದತ್ತು ತೆಗೆದುಕೊಂಡ ಹಾಗೆ, ಅದಕ್ಕೆ ಯಾರು ಮುಂದೆ ಬರುತ್ತಾರೆ? ಹೋಟೆಲಿನಿಂದ ತರಿಸಬಹುದಿತ್ತು, ಆದರೆ ನಮ್ಮ ಯಜಮಾನರು ಬೆಳಿಗ್ಗೆ ಪರಮೇಶಿಯ ದೋಸೆ ಬೀಳದೆ ಕಣ್ಣು ಬಿಡುವುದಿಲ್ಲ. ಅವನ ಅಡುಗೆ ಉಂಡರೆ ಅವಳ ಕೈ ನಮ್ಮ ಕೈಗೆ ಬಂದು ಸೇರಿದಂತೆಯೇ. ಹಾಗಾಗಿ ಹೊಂಬಾಳಕ್ಕ ಪುರಿ ಬಾಳೆಹಣ್ಣು ತಿಂದುಕೊಂಡು ಕೂತಳು.

ಒಂದು ಮಧ್ಯಾಹ್ನ ಅವಳು ಬಾವಿಯ ಹತ್ತಿರ ಗೋಡೆ ಹಿಡಿದು ನಿಂತದ್ದನ್ನು ನೋಡಿದೆ. ಗಿರಣಿಯ ಮೂಟೆಗಳನ್ನು ಗಂಡಸರ ಹಾಗೆ ಎತ್ತುತ್ತಿದ್ದ ಮೈ. ರವಿಕೆಯ ತೋಳು ಜೋತಾಡುತ್ತಿತ್ತು. ಒಳಗೆ ಹೋಗಿ ಬಿಸಿ ಮುದ್ದೆ, ಬಸ್ಸಾರು, ಒಂದಿಷ್ಟು ಬೆಣ್ಣೆ ಇಟ್ಟುಕೊಂಡು ಅವಳ ಬಾಗಿಲಿಗೆ ಹೋದೆ.

“ತಗೊಂಡು ಹೋಗು ಲೋಲಿ” ಅಂದಳು, ಮುಚ್ಚಳವನ್ನೂ ತೆಗೆಯದೆ.

“ಒಂದಿನ ಉಂಡ್ರೆ ಏನೂ ಆಗಲ್ಲ ಅಕ್ಕ.”

“ಇವತ್ತು ಒಂದಿನ ಅಂತೀಯ, ನಾಳೆ ಇನ್ನೊಂದಿನ ಅಂತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವ? ನಮ್ಮಿಬ್ಬರ ಕೈ ಒಂದಾಗಿಹೋದ್ರೆ ಚುಕ್ಕಿ ಹೂವು ಯಾರು ಯಾರಿಗೆ ಕೊಡೋದು? ಎರಡೇ ವರ್ಷ, ಬೀಜ ಸತ್ತೇ ಹೋಗತ್ತೆ.”

“ಹಾಗಾದ್ರೆ ಬೇರೆ ಯಾರಿಗಾದ್ರೂ ಒಂದು ಹಿಡಿ ಕೊಟ್ಟಿಟ್ಟಿರೋಣ. ಅವರತ್ರ ಉಳಿಯತ್ತೆ.”

“ನಾನು ಪುಟ್ಟಮ್ಮಣ್ಣಿಗೆ ಮಾತು ಕೊಟ್ಟಿದ್ದೀನಿ.”

“ಹೂವು ಹೋದ್ರೆ ಹೋಗ್ಲಿ, ನೀನು ಉಣ್ಣು!” ಎಂದು ನಾನು ಜೋರಾಗಿಯೇ ಅಂದೆ.

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. “ಹೋದ್ರೆ ಹೋಗ್ಲಿ ಅನ್ನೋದಕ್ಕೆ ಅದು ನಿನ್ನೊಬ್ಬಳ ಆಸ್ತಿಯಲ್ಲ” ಅಂದು ಬಾಗಿಲು ಹಾಕಿಕೊಂಡಳು. ನಾನು ಮುದ್ದೆ ಹಿಡಿದುಕೊಂಡು ಮನೆಗೆ ಬಂದು, ಕೋಪಕ್ಕೆ ಅದನ್ನು ನಾನೇ ತಿಂದೆ. ತಿನ್ನುವಾಗ ಅಳು ಬಂತು.

ಆಮೇಲೆ ಯೋಚನೆ ಮಾಡಿದೆ. ಯಾರ ಜೊತೆಗೂ ಬೀಜದ ಕೊಡುಕೊಳ್ಳುವಿಕೆ ಇಲ್ಲದ, ಕೈ ಒಂದಾದರೂ ಏನೂ ಕಳೆದುಕೊಳ್ಳದ ಮನುಷ್ಯರು ಊರಿನಲ್ಲಿ ಯಾರಿದ್ದಾರೆ? ಒಬ್ಬಳೇ ಇದ್ದಳು. ದುಗ್ಗಮ್ಮ. ಅವಳ ಅಂಗಳದಲ್ಲಿ ಕೋಳಿಗಳು ಹಸಿರು ಅನ್ನುವುದನ್ನೇ ಉಳಿಸುವುದಿಲ್ಲ, ಹಾಗಾಗಿ ಯಾರೂ ಅವಳಿಗೆ ಬೀಜ ಕೊಡುತ್ತಿರಲಿಲ್ಲ, ಅವಳ ಹತ್ತಿರ ಕೇಳುತ್ತಲೂ ಇರಲಿಲ್ಲ. ಹೋಗಲು ನಾಚಿಕೆಯಾಯಿತು. ಆದರೂ ಹೋದೆ.

ದುಗ್ಗಮ್ಮ ಕೋಳಿಗಳಿಗೆ ನುಚ್ಚು ಎರಚುತ್ತಾ ಕೇಳಿಸಿಕೊಂಡಳು. “ಗಿರಣಿಯಮ್ಮನಿಗಾ? ನನ್ನ ಕೋಳಿ ತಿಂದಿದ್ದೇ ನನ್ನ ಪಾಲು ಅಂದೋಳಿಗಾ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ?” ಅಂದಳು. ನಾನು ಹೇಳಿದೆ. “ಸಂಜೆನೇ ತಗೊಂಡು ಹೋಗ್ತೀನಿ ಬಿಡು ಲೋಲಮ್ಮ” ಅಂದಳು, ಬದಲಿಗೆ ಏನೂ ಕೇಳಲಿಲ್ಲ, ಚುಕ್ಕಿ ಹೂವಿನ ಮಾತನ್ನೂ ಎತ್ತಲಿಲ್ಲ.

ಹೊಂಬಾಳಕ್ಕ ಅವಳನ್ನು ಒಳಗೆ ಬಿಟ್ಟುಕೊಂಡಳು ಎಂಬುದೇ ದೊಡ್ಡ ಸುದ್ದಿ. ಹಸಿವು ಮಾನ ಮರ್ಯಾದೆಯನ್ನು ಸ್ವಲ್ಪ ಸಡಿಲಿಸಿರಬೇಕು. ಆದರೆ ಅಡುಗೆ! ದುಗ್ಗಮ್ಮ ಅಡುಗೆ ಮಾಡುವುದು ಕೋಳಿಗಳಿಗೆ, ಉಳಿದದ್ದನ್ನು ತಾನು ತಿನ್ನುತ್ತಾಳೆ ಎಂದು ನಾವು ತಮಾಷೆಗೆ ಅನ್ನುತ್ತಿದ್ದೆವು, ಅದು ತಮಾಷೆಯಲ್ಲವೆಂದು ಆಗ ಗೊತ್ತಾಯಿತು. ಒಂದು ದಿನ ಉಪ್ಪಿಲ್ಲ, ಮರುದಿನ ಆ ಉಪ್ಪೂ ಸೇರಿಸಿ ಹಾಕಿದ್ದಾಳೆ. ಹೊಂಬಾಳಕ್ಕ ಎರಡು ತುತ್ತು ತಿಂದು ಬಟ್ಟಲು ಸರಿಸುತ್ತಾಳೆಂದು ದುಗ್ಗಮ್ಮನೇ ಪೆಚ್ಚು ಮೋರೆ ಹಾಕಿಕೊಂಡು ಬಂದು ಹೇಳಿದಳು. ನಾನು ಸಾರು ಮಾಡುವುದನ್ನು ಕಲಿಸಲು ಕೂತೆ. ಒಗ್ಗರಣೆ ಹಾಕುವ ಹೊತ್ತಿಗೆ ಒಂದು ಹುಂಜ ಒಳಗೆ ಬಂತು, ಅವಳು ಅದರ ಹಿಂದೆ ಓಡಿದಳು, ಸಾಸಿವೆ ಕಪ್ಪಾಗಿ ಹೋಯಿತು. ಆ ಪಾಠ ಅಲ್ಲಿಗೇ ಮುಗಿಯಿತು.

ಮರುದಿನ ನಾನು ನನ್ನ ಮನೆಯಲ್ಲಿ ಅನ್ನ ಸಾರು ಮಾಡಿ, ದುಗ್ಗಮ್ಮನ ನೆಗ್ಗಿದ ಡಬ್ಬಿಗೆ ತುಂಬಿ ಅವಳ ಕೈಗೆ ಕೊಟ್ಟೆ. “ನನ್ನದು ಅಂತ ಬಾಯಿ ಬಿಡಬೇಡ” ಅಂದೆ.

“ಚೆನ್ನಾಗಿದೆ ಅಂತ ಹೊಗಳಿದ್ರೆ?”

“ಹೊಗಳಿಸ್ಕೋ.”

ಡಬ್ಬಿ ಖಾಲಿಯಾಗಿ ಬಂತು. ನನಗೆ ಅವತ್ತು ಆದ ಸಂತೋಷ ಇಷ್ಟೇ ಅಂತ ಹೇಳಲಾರೆ. ಅದೇ ಸಂತೋಷದ ಹೊಟ್ಟೆಯೊಳಗೆ ಭಯವೂ ಇತ್ತು. ಒಂದು ದಿನವಲ್ಲ, ದಿನಾ ಕಳಿಸಿದೆ. ಒಲೆಯ ಮುಂದೆ ನಿಂತು ಸೌಟು ಆಡಿಸುವಾಗಲೆಲ್ಲ, ಇವತ್ತಿಗೆ ಕೈ ಒಂದಾಯಿತೇನೋ, ಇವತ್ತಿಗೆ ಆ ಹೂವು ಸತ್ತಿತೇನೋ ಎಂದುಕೊಳ್ಳುತ್ತಿದ್ದೆ. ನಮ್ಮತ್ತೆ ಕೊನೆಯ ದಿನಗಳಲ್ಲಿ ಹಾಸಿಗೆಯಿಂದಲೇ ಕಿಟಕಿಯಾಚೆಯ ಆ ಗಿಡಗಳನ್ನು ನೋಡುತ್ತಾ ಮಲಗಿರುತ್ತಿದ್ದರು. ಅವರು ನನಗೆ ಒಡವೆ ಬಿಟ್ಟು ಹೋದವರಲ್ಲ, ಬಿಟ್ಟು ಹೋದದ್ದು ಅದೊಂದನ್ನೇ. ಅದನ್ನು ನಾನು ಅನ್ನದ ಜೊತೆ ಬೇಯಿಸಿ ಕಳಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಆದರೂ ಹೊಂಬಾಳಕ್ಕನ ರವಿಕೆಯ ತೋಳು ಮತ್ತೆ ತುಂಬಿಕೊಳ್ಳುತ್ತಾ ಬಂದದ್ದನ್ನು ಕಂಡಾಗ ಮಾಡಿದ್ದು ತಪ್ಪೆಂದು ನನಗೆ ಅನ್ನಿಸಲೂ ಇಲ್ಲ. ಎರಡೂ ನಿಜ.

ಒಂದು ದಿನ ದುಗ್ಗಮ್ಮ ಡಬ್ಬಿ ತಂದು ಕೊಡುತ್ತಾ, “ಇತ್ತೀಚೆಗೆ ನಿನ್ನ ಕೈ ಪಳಗಿದೆ ದುಗ್ಗಿ, ಅಂದ್ಳು ಕಣಮ್ಮ” ಎಂದು ಹೆಮ್ಮೆಯಿಂದ ಹೇಳಿದಳು. ತಾನೇ ಮಾಡಿದ್ದೆಂದು ಅವಳಿಗೂ ನಂಬಿಕೆ ಬಂದಿತ್ತೋ ಏನೋ.

ಅಷ್ಟರಲ್ಲಿ ಬೀಜದ ಕಾಲ ಬಂತು. ಈ ದಿನಗಳಲ್ಲಿ ನಮ್ಮೂರು ನೋಡಬೇಕು. ಯಾರ ಮನೆಯ ಜಗಲಿಯ ಮೇಲೆ ನೋಡಿದರೂ ಮೊರ. ಸಬ್ಬಸಿಗೆಯ ಕೊಡೆಯಂಥ ಗೊಂಚಲುಗಳನ್ನು ಕಂದುಬಣ್ಣಕ್ಕೆ ತಿರುಗುವಾಗಲೇ ಕತ್ತರಿಸಿ ತಲೆಕೆಳಗಾಗಿ ಬಟ್ಟೆಯ ಚೀಲದಲ್ಲಿ ಇಳಿಬಿಡುತ್ತಾರೆ. ಕಾಮಕಸ್ತೂರಿಯ ಒಣ ತೆನೆಗಳನ್ನು ಅಂಗೈಗಳ ನಡುವೆ ಉಜ್ಜಿ, ಹೊಟ್ಟು ಹಾರುವಷ್ಟೇ ಮೆಲ್ಲಗೆ ಊದುತ್ತಾರೆ. ಕೋಳಿಜುಟ್ಟಿನ ಹೂವನ್ನು ತಟ್ಟೆಯ ಮೇಲೆ ಬಗ್ಗಿಸಿ ಬೆರಳಲ್ಲಿ ತಟ್ಟಿದರೆ ಸಾಕು, ಕರಿ ಮಿರುಗುವ ಬೀಜ ಉದುರುತ್ತದೆ. ಎಲ್ಲಕ್ಕಿಂತ ತಾಪತ್ರಯದ್ದು ಕರ್ಣಕುಂಡಲ. ಅದರ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಹಸಿರು ಹೋಗಿ ಹಳದಿಗೆ ತಿರುಗುವ ಹೊತ್ತಿಗೆ ಒಂದು ಕೈಯಲ್ಲಿ ಗಿಡ ಹಿಡಿದು, ಇನ್ನೊಂದು ಅಂಗೈಯನ್ನು ಕಾಯಿಯ ಸುತ್ತ ಬಟ್ಟಲಾಗಿ ಮುಚ್ಚಿ, ಆಮೇಲೆ ಮುಟ್ಟಬೇಕು. ಕಾಯಿ ಸುರುಳಿ ಸುತ್ತಿಕೊಂಡು ಬೀಜವನ್ನು ಅಂಗೈಗೆ ಉಗುಳುತ್ತದೆ, ಕಚಗುಳಿ ಇಟ್ಟ ಹಾಗಾಗುತ್ತದೆ. ಎರಡು ಕೈ ಬೇಕೇ ಬೇಕು.

ಹೊಂಬಾಳಕ್ಕನಿಗೆ ಇದ್ದದ್ದು ಒಂದೇ. ನಾನು ಗೋಡೆಯ ಮೇಲಿಂದ ಇಣುಕಿ ನೋಡಿದಾಗ ಅವಳು ಎಡಗೈಯಿಂದ ಪ್ರಯತ್ನ ಮಾಡುತ್ತಿದ್ದಳು, ಗಿಡ ಅಲುಗಾಡಿ, ಬೀಜವೆಲ್ಲ ಮಣ್ಣಿಗೆ ಹಾರುತ್ತಿತ್ತು. ಮಾರನೆಯ ದಿನ ನೋಡಿದರೆ ದುಗ್ಗಮ್ಮ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಗಿಡ ಹಿಡಿದುಕೊಂಡಿದ್ದಾಳೆ. ಹೊಂಬಾಳಕ್ಕ ಎಡಗೈಯನ್ನು ಕಾಯಿಗೆ ಮುಚ್ಚಿ, “ನೀನು ಕಾಯಿ ಮುಟ್ಟಬೇಡ, ಬರೀ ಗಿಡ ಹಿಡಿ. ಮುಟ್ಟಿದ್ರೆ ಎಲ್ಲ ಹಾಳು” ಎಂದು ಗದರುತ್ತಿದ್ದಳು. ಎಷ್ಟು ಶ್ರದ್ಧೆಯಿಂದ ನನಗೋಸ್ಕರ ಕೊಯ್ಯುತ್ತಿದ್ದಾಳಲ್ಲ ಎಂದುಕೊಂಡೆ. ಕೆಳಗಿಳಿದು ಬಂದೆ.

ದೀಪಾವಳಿಯ ಮಾರನೆಯ ದಿನ ಎಂದಿನಂತೆ ಹೊಸ್ತಿಲ ಮೇಲೆ ನಿಂತು ಬೀಜ ಬದಲಾಯಿಸಿಕೊಂಡೆವು. ನನ್ನದು ಬಾಳೆಲೆಯ ಮಡಿಕೆಯಲ್ಲಿ, ಅವಳದು ಹಿಟ್ಟಿನ ಚೀಲದ ಬಟ್ಟೆಯ ಗಂಟಿನಲ್ಲಿ. ಅವಳ ಗಂಟು ಪ್ರತಿ ವರ್ಷಕ್ಕಿಂತ ಚಿಕ್ಕದಾಗಿತ್ತು, ಒಂಟಿ ಕೈಯಲ್ಲಿ ಕೊಯ್ದದ್ದಲ್ಲವೇ ಅಂದುಕೊಂಡೆ. “ಕೊಟ್ಟೆ” ಅಂದಳು. “ತಗೊಂಡೆ” ಅನ್ನುವಾಗ ನನಗೆ ಅವಳ ಮುಖ ನೋಡಲಾಗಲಿಲ್ಲ. ವಿಚಿತ್ರವೆಂದರೆ ಅವಳೂ ನನ್ನ ಮುಖ ನೋಡಲಿಲ್ಲ.

ಸಂಕ್ರಾಂತಿಗೆ ಪ್ಲಾಸ್ಟರ್ ಬಿಚ್ಚಿದರು. ಅವಳು ತನ್ನ ಅಡುಗೆ ತಾನು ಮಾಡಿಕೊಳ್ಳತೊಡಗಿದಳು, ಗಿರಣಿ ಮತ್ತೆ ಸದ್ದು ಮಾಡಿತು, ದುಗ್ಗಮ್ಮನ ಡಬ್ಬಿ ನನ್ನ ಮನೆಯಲ್ಲೇ ಉಳಿಯಿತು. ಯುಗಾದಿ ಕಳೆದು ಮೊದಲ ಮಳೆ ಬಿತ್ತು. ಪಾತಿ ಕೆದರಿ ಎಲ್ಲರೂ ಬಿತ್ತಿದರು, ನಾನೂ ಬಿತ್ತಿದೆ. ಮೇಷ್ಟ್ರ ಮನೆಯ ಸಬ್ಬಸಿಗೆ ಹುಟ್ಟಿತು. ಅಂಚೆಯವನ ಹೆಂಡತಿ ಕೊಟ್ಟ ಚೆಂಡುಹೂ ಹುಟ್ಟಿತು. ಗೋಡೆಯ ಪಕ್ಕದ ಪಾತಿ ಮಾತ್ರ ಬೋಳು ಬೋಳಾಗಿ ಉಳಿಯಿತು. ಗೊತ್ತಿದ್ದದ್ದೇ. ಆದರೂ ದಿನಾ ಬೆಳಿಗ್ಗೆ ಹೋಗಿ ನೀರು ಹಾಕುತ್ತಿದ್ದೆ. ಗೋಡೆಯಾಚೆ ಇಣುಕಿದರೆ ಹೊಂಬಾಳಕ್ಕನ ಪಾತಿಯೂ ಬೋಳು, ಅವಳೂ ಅದಕ್ಕೆ ನೀರು ಹಾಕುತ್ತಿದ್ದಾಳೆ! ಇಬ್ಬರು ತಲೆ ನೆಟ್ಟಗಿರುವ ಹೆಂಗಸರು ಬರೀ ಮಣ್ಣಿಗೆ ನೀರು ಹೊಯ್ಯುತ್ತಾ, ಒಬ್ಬರಿಗೊಬ್ಬರು “ಬಿಸಿಲು ಜಾಸ್ತಿ ಅಲ್ವಾ” ಅಂದುಕೊಳ್ಳುತ್ತಾ ನಿಂತಿದ್ದೆವು.

ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನೀರು ಹಾಕುವುದನ್ನು ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ನೇರವಾಗಿ ಗಿರಣಿಗೆ ಹೋದೆ. ಐದಾರು ಹೆಂಗಸರು ಸಾಲಾಗಿ ಡಬ್ಬ ಇಟ್ಟುಕೊಂಡು ಕೂತಿದ್ದರು, ಗಿರಣಿ ಭರ್ ಎಂದು ಓಡುತ್ತಿತ್ತು, ಹಿಟ್ಟಿನ ಧೂಳಿನಲ್ಲಿ ಹೊಂಬಾಳಕ್ಕನ ಹುಬ್ಬು ಬೆಳ್ಳಗಾಗಿತ್ತು.

“ಅಕ್ಕ, ಒಂದು ಮಾತು ಹೇಳಬೇಕು!” ಎಂದು ಕೂಗಿದೆ.

“ಏನು? ಜೋರಾಗಿ ಹೇಳೇ!”

“ನೀನು ಉಂಡಿದ್ದು ದುಗ್ಗಮ್ಮನ ಅಡುಗೆಯಲ್ಲ!”

“ಏನಂದೆ?” ಎಂದು ಅವಳು ಸ್ವಿಚ್ಚು ಆರಿಸಿದಳು, ಗಿರಣಿ ಗಕ್ಕನೆ ನಿಂತಿತು, ಅಷ್ಟೊತ್ತಿಗೆ ಪೂರ್ತಿ ಗಂಟಲಿನಲ್ಲಿ ಕಿರುಚಲು ಶುರುಮಾಡಿದ್ದ ನನಗೆ ನಿಲ್ಲಿಸಲಾಗಲಿಲ್ಲ. “ನನ್ನ ಅಡುಗೆ! ಸಂಕ್ರಾಂತಿವರೆಗೂ ನಾನೇ ಮಾಡಿದ್ದು! ನಾನೇ ಹೂವು ಸಾಯಿಸಿದ್ದು!” ಎಂಬುದು ಆ ನಿಶ್ಶಬ್ದದಲ್ಲಿ ಬೀದಿಯ ತುದಿಯವರೆಗೂ ಕೇಳಿಸಿತು. ಸಾಲಿನಲ್ಲಿದ್ದ ಹೆಂಗಸರು ಡಬ್ಬದ ಮುಚ್ಚಳಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು.

ಹೊಂಬಾಳಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ದುಗ್ಗಿ ಮನೇಲಿ ಇಂಗು ಇದೆಯಾ?” ಎಂದು ಕೇಳಿದಳು.

“ಇಂಗಾ?” ಅಂದೆ.

“ಊರಲ್ಲಿ ಸಾರಿಗೆ ಅಷ್ಟು ಇಂಗು ಸುರಿಯೋಳು ನೀನೊಬ್ಬಳೇ, ನಿನಗೆ ಕಲಿಸಿದ ನಿನ್ನತ್ತೆ ಒಬ್ಬಳು. ಡಬ್ಬಿ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡೀತು. ಮೊದಲನೇ ದಿನವೇ.”

“ಗೊತ್ತಿದ್ರೂ ಉಂಡ್ಯಾ?”

“ಉಂಡೆ.” ಅವಳು ಸ್ಟೂಲಿನ ಮೇಲೆ ಕೂತಳು. ಅವಳ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿರಲಿಲ್ಲ. “ಗೊತ್ತಾಯ್ತು ಅಂತ ಬಾಯಿಬಿಟ್ಟಿದ್ರೆ ಬೇಡ ಅನ್ನಬೇಕಾಗ್ತಿತ್ತು. ಬೇಡ ಅನ್ನೋಕೆ ಆಗಲಿಲ್ಲ. ನನಗೆ ಹಸಿವಾಗಿತ್ತು ಕಣೇ ಲೋಲಿ. ಆ ಸಾರಿನ ವಾಸನೆಗೆ ನಿನ್ನತ್ತೆ ಬಂದು ಪಕ್ಕದಲ್ಲಿ ಕೂತ ಹಾಗಾಯ್ತು.”

ನನಗೆ ಕಣ್ಣು ತುಂಬಿ ಬಂತು. “ಮತ್ತೆ ಹೂವು? ಅವರಿಗೆ ಕೊಟ್ಟ ಮಾತು?” ಅಂದೆ.

ಅವಳು ಎದ್ದು, ಕಾಯುತ್ತಿದ್ದ ಹೆಂಗಸರಿಗೆ “ಈಗ ಬಂದೆ, ಯಾರೂ ಸಾಲು ತಪ್ಪಿಸಬೇಡಿ” ಎಂದು ಗದರಿ, ನನ್ನ ರಟ್ಟೆ ಹಿಡಿದು ಹಿಂದಿನ ಬೀದಿಗೆ ಕರೆದುಕೊಂಡು ಹೋದಳು. ಹಿಡಿದದ್ದು ಮುರಿದು ಕೂಡಿಕೊಂಡ ಬಲಗೈ. ಹಿಡಿತ ಮೊದಲಿನ ಹಾಗೇ ಇತ್ತು.

ದುಗ್ಗಮ್ಮನ ಅಂಗಳದಲ್ಲಿ ಕೋಳಿಗಳು ಎಂದಿನಂತೆ ಬಿಡುಬೀಸಾಗಿ ಓಡಾಡುತ್ತಿದ್ದವು. ಆದರೆ ಕೋಳಿ ಮುಚ್ಚುವ ಬಿದಿರಿನ ಬುಟ್ಟಿಗಳೆಲ್ಲ ಗೋಡೆಯುದ್ದಕ್ಕೂ ಸಾಲಾಗಿ ಕವುಚಿದ್ದವು. ದುಗ್ಗಮ್ಮ ಓಡಿ ಬಂದು ಒಂದು ಬುಟ್ಟಿಯನ್ನು ಮೆಲ್ಲಗೆ ಎತ್ತಿದಳು. ಒಳಗೆ ಗೇಣುದ್ದ ಕರ್ಣಕುಂಡಲದ ಸಸಿಗಳು. ಕಾಂಡದ ಗೆಣ್ಣುಗಳಲ್ಲಿ ಆ ಕುಂಕುಮದ ಕಲೆ, ಚುಕ್ಕಿ ಹೂವಿನದಕ್ಕೆ ಮಾತ್ರ ಇರುವಂಥದ್ದು. ಎಲ್ಲ ಬುಟ್ಟಿಗಳ ಕೆಳಗೂ ಅವೇ. ಊರಿನಲ್ಲಿ ಕೋಳಿಗಳನ್ನು ಹೊರಗೆ ಬಿಟ್ಟು ಗಿಡಗಳನ್ನು ಪಂಜರದಲ್ಲಿ ಹಾಕಿದವಳು ಇವಳೊಬ್ಬಳೇ.

“ಗಿರಣಿಯಮ್ಮ ದೀಪಾವಳಿಗೆ ಮುಂಚೆನೇ ಕೊಟ್ಟಳು” ಅಂದಳು ದುಗ್ಗಮ್ಮ. “ಯಾರಿಗೂ ಹೇಳಬೇಡ, ಲೋಲಿ ತಾನಾಗಿ ಬಂದು ಹೇಳೋವರೆಗೂ ಹೇಳಬೇಡ ಅಂತ ಆಣೆ ಹಾಕಿಸಿದ್ಲು. ನೀನೂ ಹೇಳಬೇಡ ಅಂದಿದ್ದೆ. ನಿಮ್ಮಿಬ್ಬರ ಮಧ್ಯೆ ನನ್ನ ಹೊಟ್ಟೆ ಉಬ್ಬಿಹೋಗಿತ್ತು ಕಣಮ್ಮ.”

ಹೊಂಬಾಳಕ್ಕ ಆ ಸಸಿಗಳನ್ನೇ ನೋಡುತ್ತಿದ್ದಳು. “ನಾನು ಈ ಊರಿಗೆ ಬಂದಾಗ ನನ್ನ ಕೈಲಿ ಯಾರ ಬೀಜವೂ ಇರಲಿಲ್ಲ. ಅದಕ್ಕೇ ಪುಟ್ಟಮ್ಮಣ್ಣಿ ಕೊಟ್ಟಿದ್ದು. ಇವಳ ಕೈಲೂ ಯಾರದ್ದೂ ಇರಲಿಲ್ಲ. ಇಷ್ಟು ವರ್ಷ ಮೂರನೆಯವರಿಗೆ ಬೇಡ ಅಂದಿದ್ದೊಂದೇ ನೆನಪಿಟ್ಟುಕೊಂಡಿದ್ದೆ, ಯಾಕೆ ಕೊಟ್ಟಳು ಅನ್ನೋದನ್ನ ಮರೆತಿದ್ದೆ” ಅಂದಳು. ಆಮೇಲೆ, ತಾನು ಬಹಳ ಮಾತಾಡಿದೆ ಅನ್ನಿಸಿತೋ ಏನೋ, ಕಾಲ ಹತ್ತಿರ ಬಂದ ಕೋಳಿಯೊಂದನ್ನು “ಥೂ, ಹೋಗಾಚೆ” ಎಂದು ಓಡಿಸಿದಳು.

ಆ ಮಳೆಗಾಲದಲ್ಲಿ ಚುಕ್ಕಿ ಹೂವು ನೋಡಬೇಕೆಂದರೆ ಹಿಂದಿನ ಬೀದಿಗೆ ಹೋಗಬೇಕಾಗಿತ್ತು. ಬುಟ್ಟಿಯ ಕಿಂಡಿಗಳಿಂದ ಹೂವು ಹೊರಗೆ ಇಣುಕುತ್ತಿತ್ತು, ದಾರಿಹೋಕರೆಲ್ಲ ನಿಂತು ನೋಡುತ್ತಿದ್ದರು, ದುಗ್ಗಮ್ಮ ಬಾಗಿಲಲ್ಲಿ ಕೂತು ಹೆಣ್ಣು ತೋರಿಸುವವಳ ಹಾಗೆ ಬೀಗುತ್ತಿದ್ದಳು. ರಾಗಿ ಬೀಸಿಸಲು ಅವಳೀಗ ನಮ್ಮ ಬೀದಿಯ ಗಿರಣಿಗೇ ಬರುತ್ತಾಳೆ.

ಮೊನ್ನೆ ದೀಪಾವಳಿಯ ಮರುದಿನ ದುಗ್ಗಮ್ಮ ಬೀಜ ತಂದಳು. ನಾನು ಹೊಂಬಾಳಕ್ಕನ ಜಗಲಿಯಲ್ಲೇ ಕೂತಿದ್ದೆ. ಅವಳು ಮುತ್ತುಗದ ಎಲೆಯ ಒಂದೇ ಒಂದು ಪೊಟ್ಟಣ ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು.

“ಇನ್ನೊಂದೆಲ್ಲಿ?” ಅಂದಳು ಹೊಂಬಾಳಕ್ಕ.

“ಇನ್ನೊಂದು ಯಾಕೆ? ನಿಮ್ಮಿಬ್ಬರದ್ದು ಈಗ ಒಂದೇ ಕೈ. ಒಂದು ಕೈಗೆ ಒಂದು ಹಿಡಿ” ಅಂದಳು ದುಗ್ಗಮ್ಮ, ಗಿರಣಿಯ ಮುಂದೆ ತಾನು ಬೈಸಿಕೊಂಡ ದಿನದ ಬಾಕಿ ತೀರಿಸುವವಳ ಹಾಗೆ, ಒಳಗೊಳಗೇ ನಗುತ್ತಾ.

“ನಮ್ಮವು ಎರಡು ಮನೆ ಕಣೇ!”

ಜಗಳ ಬೆಳೆಯುವ ಮುಂಚೆ ನಾನೇ ನಡುವೆ ಬಾಯಿ ಹಾಕಿದೆ. “ಇರಲಿ ಬಿಡು ಅಕ್ಕ. ಸಂಕ್ರಾಂತಿಯಿಂದ ನಿನ್ನ ಅಡುಗೆ ನೀನೇ ಮಾಡ್ಕೊಂಡು ಉಣ್ತಾ ಇದ್ದೀಯ. ಇನ್ನು ಎರಡು ಮೂರು ವರ್ಷ ಹೀಗೇ ಹೋದ್ರೆ ಕೈ ಬೇರೆಯಾಗತ್ತೆ. ಆಮೇಲೆ ಮೊದಲಿನ ಹಾಗೆ ನಾನು ನಿನಗೆ ಕೊಡ್ತೀನಿ, ನೀನು ನನಗೆ ಕೊಡು” ಅಂದೆ. ಅವಳಿಗೆ ಬೇಕಾಗಿದ್ದ ಮಾತು ಇದೇ ಎಂದು ನಾನು ತಿಳಿದಿದ್ದೆ.

ಅವಳು ಪೊಟ್ಟಣವನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದಳು. ಬಿಚ್ಚಲಿಲ್ಲ. ಒಳಗೆ ಅವಳ ಒಲೆ ಇನ್ನೂ ಹೊತ್ತಿಸಿರಲಿಲ್ಲ. ನಮ್ಮ ಮನೆಯ ಕಡೆಯಿಂದ, ಬೆಳಿಗ್ಗೆಯೇ ಮಾಡಿಟ್ಟು ಬಂದಿದ್ದ ಸಾರಿನ ವಾಸನೆ ಗೋಡೆ ದಾಟಿ ಬರುತ್ತಿತ್ತು. ಇಂಗು ಕೊಂಚ ಹೆಚ್ಚೇ ಬಿದ್ದಿತ್ತು.

“ನಿನ್ನ ಅಂಗಳದಲ್ಲೇ ಹಾಕು ಲೋಲಿ” ಎಂದು ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದಳು. “ದಿನಾ ಊಟಕ್ಕೆ ಬಂದಾಗ ನೋಡ್ತೀನಿ.”